ಉಡಿದಾರಕ್ಕೆ ಹತ್ತಿದ ಕಪ್ಪು

ನಮ್ಮ ಮನೆಯ ಬೆಳ್ಳಿ ಕಳುವಾಗಿಲ್ಲ. ಆದರೆ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತಿದೆ.

ಒಗಟಲ್ಲ, ಹೇಳುತ್ತೇನೆ. ದೇವರ ಮುಂದಿನ ಜೋಡಿ ದೀಪ ಇದ್ದಲ್ಲೇ ಇವೆ. ಕುಂಕುಮದ ಬಟ್ಟಲು ಅದರ ಜಾಗದಲ್ಲೇ ಇದೆ. ಗುರುವಾರ ಸಂಜೆ ಕೂತು ವಿಭೂತಿ ಹಾಕಿ ತಿಕ್ಕಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಮುಖ ಕಾಣುವಷ್ಟು ಹೊಳಪು ಬರಿಸಿ ಇಡುತ್ತೇನೆ. ಶನಿವಾರ ನೋಡಿದರೆ ಹಳದಿ. ಸೋಮವಾರಕ್ಕೆ ಕಂದು. ಮತ್ತೆ ಗುರುವಾರ ಬರುವಷ್ಟರಲ್ಲಿ ಮಸಿ ಬಳಿದ ಹಾಗೆ ಕಪ್ಪು. ಅದೂ ಒಂದೇ ಸಮನಾಗಿ ಅಲ್ಲ. ಕಿಟಕಿಯ ಕಡೆಗಿರುವ ಮೈ ಮೊದಲು ಕಪ್ಪಾಗುತ್ತದೆ, ಗೋಡೆಯ ಕಡೆಯದು ಆಮೇಲೆ.

(ಇದನ್ನು ನಾನು ತಡವಾಗಿ ಗಮನಿಸಿದೆ. ಗಮನಿಸಿದ ದಿನ ಕಿಟಕಿಯ ಕಡೆ ತಿರುಗಿ ನೋಡಲು ಯಾಕೋ ಮನಸ್ಸಾಗಲಿಲ್ಲ.)

ಬೆಳ್ಳಿ ಕಪ್ಪಾದರೆ ಹೆಂಗಸಿನ ಎದೆಯಲ್ಲಿ ಏನಾಗುತ್ತದೆ ಅಂತ ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, ಬೆಳ್ಳಿ ಅಂದಮೇಲೆ ಕಪ್ಪಾಗುತ್ತದೆ ಅಂದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲುಗಳ ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ಯಾವ ವಿಷಯವನ್ನಾದರೂ ಒಂದು ಸಾಲಿನಲ್ಲಿ ಮುಗಿಸಿ ಬೇರೆ ಟೇಬಲ್ಲಿಗೆ ಕಳಿಸುವುದು ಅವರಿಗೆ ಅಭ್ಯಾಸ.

ಹಾಗಾದರೆ ದೆಹಲಿಯಲ್ಲಿ ನಾವು ಮೊದಲಿದ್ದ ಆರ್.ಕೆ. ಪುರದ ಕ್ವಾರ್ಟರ್ಸಿನಲ್ಲಿ ಯಾಕೆ ಕಪ್ಪಾಗಲಿಲ್ಲ? ಇದೇ ದೀಪ, ಇದೇ ವಿಭೂತಿ, ಇದೇ ಕೈ. ಅಲ್ಲಿ ಹಬ್ಬಕ್ಕೊಮ್ಮೆ ತಿಕ್ಕಿದರೆ ಸಾಕಿತ್ತು. ಕರೋಲ್ ಬಾಗ್‌ನಲ್ಲಿರುವ ನನ್ನ ಗೆಳತಿ ಶಾರದಾ ವರಮಹಾಲಕ್ಷ್ಮಿಗೆ ತಿಕ್ಕಿದ ಚೆಂಬು ಗಣೇಶನ ಹಬ್ಬಕ್ಕೂ ಬೆಳ್ಳಗೇ ಇತ್ತು. ಅದನ್ನು ನೋಡಿ ನನಗಾದದ್ದು ಹೊಟ್ಟೆಕಿಚ್ಚಲ್ಲ. ಭಯ.

ನಾನು ಮೊದಲು ಅನುಮಾನಪಟ್ಟದ್ದು ಮೈಸೂರಿನ ಬೆಳ್ಳಿ ಅಂಗಡಿಯವರನ್ನು. ಫೋನು ಮಾಡಿ ಕಲಬೆರಕೆ ಮಾಲು ಕೊಟ್ಟಿದ್ದೀರಿ ಅಂತ ಜಗಳ ತೆಗೆದೆ. ಆ ಮನುಷ್ಯ ಶಾಂತವಾಗಿ, ಆ ದೀಪ ನಿಮ್ಮ ಅತ್ತೆಯವರ ಮದುವೆಗೆ ನಮ್ಮ ತಾತ ಮಾಡಿಕೊಟ್ಟದ್ದು, ಇಷ್ಟು ವರ್ಷ ಸುಮ್ಮನಿದ್ದ ಕಲಬೆರಕೆ ನೋಯ್ಡಾಕ್ಕೆ ಬಂದಮೇಲೆ ಎದ್ದು ಕೂತಿತಾ ಅಂತ ಕೇಳಿದರು. ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ಬದಲಾಯಿಸಿದೆ. ಆರ್.ಓ. ನೀರಿನಲ್ಲಿ ತೊಳೆದೆ. ಕೊನೆಗೆ ನನ್ನ ಕೈಯನ್ನೇ ಮೂಸಿ ನೋಡಿಕೊಂಡೆ.

ದೆಹಲಿಗೆ ಅಂಟಿದ ನೋಯ್ಡಾದ ಈ ಫ್ಲ್ಯಾಟಿಗೆ ಬಂದದ್ದು ಮಗಳು ಮೇಘನಾಳ ಹಟಕ್ಕೆ. ಅವಳ ಆಫೀಸು ಇಲ್ಲೇ. ಅವಳು, ಅಳಿಯ, ಪುಟ್ಟ ಮೊಮ್ಮಗಳು ಇಳಾ, ನಾವಿಬ್ಬರು, ಎಲ್ಲರೂ ಒಟ್ಟಿಗೆ ಇರೋಣ ಅಂತ ಹುಡುಕಿದ ಮನೆ. ರಿವರ್ ವ್ಯೂ! ತೋರಿಸಲು ಬಂದ ಬ್ರೋಕರ್ ಬಾಲ್ಕನಿಯ ಗಾಜಿನ ಬಾಗಿಲು ಸರಿಸಿ, "ದೇಖಿಯೇ ಆಂಟೀಜೀ, ಪೂರೀ ಜಮುನಾಜೀ ಆಪ್‌ಕೀ" ಅಂದ. ಕೆಳಗೆ ದೂರದಲ್ಲಿ ಅಗಲವಾದ ಒಂದು ಬೂದುಬಣ್ಣ ಬಿಸಿಲಲ್ಲಿ ಮಲಗಿತ್ತು. ಇಡೀ ಯಮುನೆ ನಮ್ಮದು ಅಂದರೆ ಯಾರಿಗೆ ಬೇಡ? ಅವನು ಬಾಗಿಲನ್ನು ತೆಗೆದಷ್ಟೇ ಬೇಗ ಮುಚ್ಚಿದ. ಎ.ಸಿ.ಯ ತಂಪು ಹೋಗದಿರಲಿ ಅಂತ ಮುಚ್ಚಿದ, ಎಷ್ಟು ಶಿಸ್ತಿನ ಹುಡುಗ ಅಂದುಕೊಂಡೆ.

ಬಂದು ಎರಡು ಮಳೆಗಾಲ ಕಳೆದಿದೆ. ನಮ್ಮ ಟವರಿನ ನದಿಯ ಕಡೆಯ ಬಾಲ್ಕನಿಗಳಲ್ಲಿ ಕಾಫಿ ಲೋಟ ಹಿಡಿದು ನಿಂತ ಒಬ್ಬ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಸಾಲುಸಾಲು ಬಾಲ್ಕನಿ, ಸಾಲುಸಾಲು ಮುಚ್ಚಿದ ಗಾಜು. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರತಿ ಬೇಸಿಗೆಯೂ ಎ.ಸಿ.ಗಳು ಸಾಯುತ್ತವೆ. ಹೊಸ ಎ.ಸಿ.ಯ ತಾಮ್ರದ ಕೊಳವೆ ತೂತಾಗಿ ಗ್ಯಾಸೆಲ್ಲ ಸೋರಿಹೋಯಿತು, ನಿಮ್ಮದೂ ಹೋಯಿತಾ, ನಮ್ಮದೂ ಹೋಯಿತು. ಎಲ್ಲರೂ ಕಂಪನಿಯನ್ನು ಬೈಯುತ್ತಾರೆ. ಯಾರೂ ಕಿಟಕಿಯ ವಿಷಯ ಎತ್ತುವುದಿಲ್ಲ. ಎತ್ತಿದರೆ ಫ್ಲ್ಯಾಟು ಮಾರಾಟವಾಗುವುದು ಹೇಗೆ?

ಇಂಥ ಮನೆಗೆ ಈ ಭಾದ್ರಪದದಲ್ಲಿ ಅತ್ತೆ ಬಂದರು.

ಅತ್ತೆ ಮೈಸೂರಿನಲ್ಲಿ ನನ್ನ ಭಾವನವರ ಜೊತೆ ಇರುವವರು. ಎಂಬತ್ತು ದಾಟಿದರೂ ವಿಮಾನದಲ್ಲಿ ಕಿಟಕಿಯ ಸೀಟೇ ಬೇಕು ಅನ್ನುವ ಗಟ್ಟಿಗಿತ್ತಿ. ಬಂದದ್ದು ಎರಡು ಕೆಲಸಕ್ಕೆ. ಒಂದು, ಮರಿಮಗಳ ಸೊಂಟಕ್ಕೆ ಮನೆತನದ ಬೆಳ್ಳಿ ಉಡಿದಾರ ಕಟ್ಟುವುದು. ನಮ್ಮ ಯಜಮಾನರು ಅಂಬೆಗಾಲಿಡುವಾಗ ಕಟ್ಟಿಕೊಂಡಿದ್ದ, ಆಮೇಲೆ ಮೇಘನಾ ಕಟ್ಟಿಕೊಂಡಿದ್ದ ಉಡಿದಾರ ಅದು. ಇನ್ನೊಂದು, ನಮ್ಮ ಮನೆತನದ ಅನಂತನ ವ್ರತವನ್ನು ಈ ವರ್ಷ ನಮ್ಮ ಕೈಯಲ್ಲಿ ಮಾಡಿಸುವುದು.

ಬಂದ ದಿನವೇ ಇಳಾಳಿಗೆ ಎಣ್ಣೆ ನೀರು ಹಾಕಿ ಉಡಿದಾರ ಕಟ್ಟಿದರು. ಬಿಳೀ ಬೆಳ್ಳಿ, ಗುಂಡು ಹೊಟ್ಟೆ, ಮಗು ಅದನ್ನು ಬೆರಳಲ್ಲಿ ಹಿಡಿದು ಎಳೆದು ನಕ್ಕಿತು. ನಾವೆಲ್ಲ ಫೋಟೋ ತೆಗೆದೆವು.

ವಾರ ಕಳೆಯಲಿಲ್ಲ. ಸ್ನಾನ ಮಾಡಿಸಲು ಫ್ರಾಕು ಬಿಚ್ಚಿದ ಅತ್ತೆ ಮಗುವನ್ನು ಬೆಳಕಿಗೆ ಹಿಡಿದರು. ಉಡಿದಾರ ಕಪ್ಪಾಗಿತ್ತು. ಅದರ ಕೆಳಗೆ ಮಗುವಿನ ಮೈಮೇಲೂ ಸೊಂಟ ಸುತ್ತಿ ಮಸುಕಾದ ಒಂದು ಕಪ್ಪು ಗೆರೆ.

ನೀರಿನಲ್ಲಿ ಒರೆಸಿದರೆ ಮೈಮೇಲಿನ ಗೆರೆ ಹೋಯಿತು. ಅತ್ತೆಯ ಮುಖದ ಮೇಲಿನದು ಹೋಗಲಿಲ್ಲ. ದೀಪ ಕಪ್ಪಾದರೆ ತಿಕ್ಕಬಹುದು. ಮೈಮೇಲಿನ ಬೆಳ್ಳಿ ಕಪ್ಪಾದರೆ ಮೈಯೊಳಗೆ ಏನೋ ಇದೆ ಅನ್ನುವುದು ಅವರು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಮಾತು. ಎರಡು ತಲೆಮಾರಿಗೆ ಕಪ್ಪಾಗದ್ದು ಈ ಕೂಸಿಗೆ ಯಾಕಾಯಿತು ಅಂತ ನನ್ನನ್ನು ಮೆಲ್ಲಗೆ ಕೇಳಿದರು. ಮೂಢನಂಬಿಕೆ ಅಮ್ಮ ಅಂದೆ. ಅಂದು, ಅಡುಗೆಮನೆಗೆ ಹೋಗಿ ನನ್ನ ಕಾಲುಂಗುರ ನೋಡಿಕೊಂಡೆ. ಅವೂ ಕಪ್ಪು. ಅವು ಯಾವಾಗ ಕಪ್ಪಾದವೋ ನನಗೇ ಗೊತ್ತಿರಲಿಲ್ಲ.

ಮೂಢನಂಬಿಕೆ ಅನ್ನುವುದು ಸುಲಭ. ಆದರೆ ಮಗುವಿಗೆ ಕೆಮ್ಮು ಇತ್ತಲ್ಲ! ಬೇಸಿಗೆಯಿಂದ ಇದೆ. ಹೋಗುತ್ತದೆ, ಬರುತ್ತದೆ. ಮಲಗಿದಾಗ ಎದೆಯಲ್ಲಿ ಗೊರಗೊರ ಸದ್ದು. ಡಾಕ್ಟರು ಪ್ರತಿ ಸಲವೂ ನಗುತ್ತಾ, ದೆಹಲಿಯ ಮಕ್ಕಳೆಲ್ಲ ಕೆಮ್ಮುತ್ತವೆ, ವೆರಿ ಕಾಮನ್ ಅನ್ನುತ್ತಾರೆ. ಎಲ್ಲ ಮಕ್ಕಳಿಗೂ ಇದ್ದರೆ ಅದು ರೋಗ ಅಲ್ಲವೇ?

ಅತ್ತೆ ಡಾಕ್ಟರನ್ನು ಕಾಯಲಿಲ್ಲ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿಗೆ ನಿವಾಳಿಸಿ, ಗ್ಯಾಸ್ ಒಲೆಯ ಮೇಲೆ ಕಾದ ಹೆಂಚಿಗೆ ಹಾಕಿದರು. ಘಾಟು ಬರಲಿಲ್ಲ. ಮೆಣಸಿನಕಾಯಿ ಸುಟ್ಟೂ ಘಾಟು ಬರಲಿಲ್ಲ ಅಂದರೆ ದೃಷ್ಟಿ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ಅತ್ತೆ ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟರು.

(ಅಡುಗೆಮನೆಯ ಚಿಮಣಿ ಆನ್ ಇತ್ತು. ಅದನ್ನು ಹೇಳಿದೆ. ಅವರು ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಲಿಲ್ಲ.)

ಇನ್ನು ವ್ರತದ ವಿಷಯ. ಅನಂತನ ವ್ರತ ಮಾಡುವ ಮನೆಯವರಿಗೆ ಗೊತ್ತು, ಮೊದಲು ಪೂಜೆ ಆಗುವುದು ಅನಂತನಿಗಲ್ಲ, ಯಮುನೆಗೆ. ಬೆಳ್ಳಿ ಚೆಂಬಿನಲ್ಲಿ ನೀರು ತುಂಬಿ, ಅದರೊಳಗೆ ಯಮುನೆಯನ್ನು ಕರೆದು ಕೂರಿಸಬೇಕು. ಆಮೇಲೆ ದರ್ಭೆಯಲ್ಲಿ ಹೆಣೆದ ಏಳು ಹೆಡೆಯ ಶೇಷ, ಕೆಂಪು ದಾರ, ಅತಿರಸ ಎಲ್ಲ. ಮೈಸೂರಿನಲ್ಲಿ ಅತ್ತೆ ಇಷ್ಟು ವರ್ಷ ಬಾವಿಯ ನೀರಿಗೆ, ಬಾವಿ ಮುಚ್ಚಿದ ಮೇಲೆ ನಲ್ಲಿಯ ನೀರಿಗೆ ಯಮುನೆ ಅಂದರು. ನಲ್ಲಿಯಲ್ಲಿ ಬರುತ್ತಿದ್ದವಳು ಕಾವೇರಿ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಮಂತ್ರ ಪುರೋಹಿತರದ್ದಾದರೆ, ಅದು ಮುಗಿದ ಮೇಲೆ ಅತ್ತೆಯ ಸ್ವಂತದ್ದೊಂದು ಕನ್ನಡದ ಸಾಲು ಇರುತ್ತದೆ. ಚೆಂಬಿನ ಕಡೆ ಬಾಗಿ, ಪಕ್ಕದ ಮನೆಯಾಕೆಯನ್ನು ಕರೆಯುವ ಹಾಗೆ ಕರೆಯುತ್ತಾರೆ. "ಬಾರಮ್ಮ ಯಮುನೆ, ಬಂದು ಕೂತ್ಕೋ, ಮನೆ ಮಕ್ಕಳನ್ನ ನೋಡ್ಕೋ." ಇದನ್ನು ಹೇಳದೆ ಪೂಜೆ ಮುಂದೆ ಹೋಗುವುದಿಲ್ಲ. ಮದುವೆಯಾಗಿ ಬಂದ ವರ್ಷ ನಾನು ಇದನ್ನು ಕೇಳಿ ನಕ್ಕಿದ್ದೆ. ಈಗ ಅದಿಲ್ಲದೆ ನನಗೂ ಅನಂತನ ವ್ರತ ಅನ್ನಿಸುವುದಿಲ್ಲ.

ಈ ಸಲ ಅತ್ತೆಗೆ ಹೊಸ ಆಸೆ. ಯಮುನೆ ಕಿಟಕಿಯಲ್ಲೇ ಕಾಣುವಾಗ ನಲ್ಲಿ ನೀರು ಯಾಕೆ? ನಿಜವಾದ ಯಮುನೆಯ ನೀರನ್ನೇ ತುಂಬಿ, ಅವಳನ್ನೇ ಮಗುವಿಗೆ ಕಾವಲಾಗಿ ಕೂರಿಸೋಣ ಅಂದರು. ಯಮುನೆ ಯಮನ ತಂಗಿ. ಅವಳು ಹೇಳಿದರೆ ಅಣ್ಣ ಮಗುವಿನ ತಂಟೆಗೆ ಬರುವುದಿಲ್ಲ. ಇದು ಅವರ ಲೆಕ್ಕಾಚಾರ. ನಾನು ನಾಲ್ಕು ಸಲ ಬೇಡ ಅಂದೆ, ಐದನೆಯ ಸಲಕ್ಕೆ ಆಟೋ ಕರೆದೆ.

ವ್ರತದ ಹಿಂದಿನ ಸಂಜೆ, ನದಿಗೆ ಅಡ್ಡ ಕಟ್ಟಿದ ಬ್ಯಾರೇಜಿನ ಹತ್ತಿರದ ಸ್ನಾನಘಟ್ಟಕ್ಕೆ ಹೋದೆವು. ಅತ್ತೆಯ ಮಡಿಲಲ್ಲಿ ಮುಚ್ಚಳವಿರುವ ಬೆಳ್ಳಿ ಚೆಂಬು, ಅದರ ಮೇಲೆ ಹೊಸ ಬಿಳೀ ವಸ್ತ್ರ. ಬೆಳಿಗ್ಗೆಯಷ್ಟೇ ತಿಕ್ಕಿ ಇಟ್ಟದ್ದು. ನದಿ ಕಾಣುವ ಮೊದಲೇ ವಾಸನೆ ಬಂತು. ಆಟೋ ಭಯ್ಯಾ ಕೊರಳಿನ ಟವೆಲನ್ನು ಮೂಗಿಗೆ ಏರಿಸಿಕೊಂಡು, ತಾನು ಮೇಲೆಯೇ ನಿಲ್ಲುವುದಾಗಿ ಹೇಳಿದ.

ಮೆಟ್ಟಿಲು ಇಳಿದೆವು. ನೀರು ಹರಿಯುತ್ತಿತ್ತು ಅಂತ ನಾನು ಹೇಳಲಾರೆ. ನೀರು ಇತ್ತು. ಕಪ್ಪಗೆ, ದಪ್ಪಗೆ. ಅದರ ಮೇಲೆ ಬಿಳೀ ನೊರೆ ಗುಪ್ಪೆಗುಪ್ಪೆಯಾಗಿ ಬರುತ್ತಿತ್ತು, ಸ್ವಲ್ಪವೂ ಸದ್ದಿಲ್ಲದೆ. ಯಾರೋ ಬಿಟ್ಟ ಚೆಂಡುಹೂವಿನ ಹಾರವೊಂದು ದಡದ ಹತ್ತಿರ ಸಿಕ್ಕಿಕೊಂಡಿತ್ತು. ಮುಳುಗುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ. ಹಿಂದೆ ಸೇತುವೆಯ ಮೇಲೆ ಆಫೀಸು ಬಿಟ್ಟ ಕಾರುಗಳ ಸಾಲು, ಹಾರ್ನು, ದೀಪ. ಎಲ್ಲ ಕಾರಿನ ಗಾಜೂ ಮೇಲಿತ್ತು.

ಆಮೇಲೆ ಗುಳ್ಳೆಗಳನ್ನು ನೋಡಿದೆವು. ದಡದಿಂದ ಸ್ವಲ್ಪ ದೂರದಲ್ಲಿ, ನೊರೆಯಿಲ್ಲದ ಕಡೆ, ತಳದಿಂದ ಏಳುತ್ತಿದ್ದವು. ಗುಳುಗುಳು ಅಂತ ಒಂದಷ್ಟು. ನಿಲ್ಲುವುದು. ಮತ್ತೆ ಗುಳುಗುಳು. ಅದೇ ಜಾಗ, ಅದೇ ಅಂತರ.

"ಕೆಳಗೆ ಯಾರೋ ಉಸಿರಾಡ್ತಿದ್ದಾರೆ ಕಣೇ" ಅಂದರು ಅತ್ತೆ.

ನನಗೆ ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ. ಯಾರೂ ಇಲ್ಲ, ತಳದಲ್ಲಿ ಹೂಳು ಕೊಳೆತು ಗಾಳಿ ಮೇಲೆ ಬರುತ್ತಿದೆ ಅಂತ ಗದರುವ ಹಾಗೆ ಹೇಳಿದೆ. ಅತ್ತೆ ಒಪ್ಪಿದವರಂತೆ ತಲೆಯಾಡಿಸಿದರು.

"ಯಮ ವರ್ಷಕ್ಕೊಂದ್ಸಲ ತಂಗಿ ಮನೆಗೆ ಊಟಕ್ಕೆ ಬರ್ತಾನೆ ಅಂತಾರೆ. ಬಂದವನು ವಾಪಸ್ ಹೋದ ಹಾಗೆ ಕಾಣಲ್ಲ."

ಇಷ್ಟು ಹೇಳಿ, ನಾನು ಬೇಡ ಬೇಡ ಅನ್ನುತ್ತಿದ್ದಂತೆ ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ನೊರೆಯನ್ನು ಕೈಯಲ್ಲಿ ಸರಿಸಿ ಚೆಂಬು ಮುಳುಗಿಸಿದರು. ನೀರು ಒಳಗೆ ಹೋಗುವ ಸದ್ದೂ ಗುಳುಗುಳು ಅಂತಲೇ ಇತ್ತು.

ಈಗ ಸ್ವಲ್ಪ ಭೂಗೋಳ. ಹೆದರಬೇಡಿ, ಪರೀಕ್ಷೆ ಇಲ್ಲ.

ಯಮುನೆ ಹಿಮಾಲಯದಲ್ಲಿ ಯಮುನೋತ್ರಿಯ ಮೇಲೆ ಹಿಮ ಕರಗಿ ಹುಟ್ಟುತ್ತಾಳೆ. ಬೆಟ್ಟ ಇಳಿಯುವಾಗ ತೋನ್ಸ್ ಅನ್ನುವ ತನಗಿಂತ ದೊಡ್ಡ ನದಿಯನ್ನೇ ಸೇರಿಸಿಕೊಂಡು ಹೆಸರು ಮಾತ್ರ ತನ್ನದೇ ಉಳಿಸಿಕೊಳ್ಳುತ್ತಾಳೆ. ಅಲ್ಲಿಯವರೆಗೆ ತಳದ ಕಲ್ಲು ಕಾಣುವ ನೀರು. ನಾವು ಒಮ್ಮೆ ಹೋಗಿ ಕಾಲು ಇಳಿಬಿಟ್ಟು, ಚಳಿಗೆ ಕಿರುಚಿ ಎದ್ದಿದ್ದೆವು. ಬಯಲಿಗೆ ಇಳಿಯುತ್ತಿದ್ದಂತೆ ಹರಿಯಾಣದ ಗಡಿಯ ಹಥಿನಿಕುಂಡ್ ಅನ್ನುವಲ್ಲಿ ಒಂದು ಬ್ಯಾರೇಜು. ಎಡಕ್ಕೊಂದು ಕಾಲುವೆ, ಬಲಕ್ಕೊಂದು ಕಾಲುವೆ. ಗೋಧಿಗೆ, ಕಬ್ಬಿಗೆ, ಊರುಗಳಿಗೆ ನೀರು ಅಲ್ಲೇ ಹಂಚಿಹೋಗುತ್ತದೆ. ಮಳೆಗಾಲ ಬಿಟ್ಟರೆ ನಡುವಿನ ಪಾತ್ರದಲ್ಲಿ ಉಳಿಯುವುದು ಮರಳು, ಒಂದಿಷ್ಟು ನೀರು. ಅದೂ ಹೇಗೋ ದೆಹಲಿಯ ಉತ್ತರದ ಅಂಚಿನ ವಜೀರಾಬಾದಿಗೆ ಬಂದರೆ ಅಲ್ಲಿ ಇನ್ನೊಂದು ಬ್ಯಾರೇಜು. ಕುಡಿಯಲು ದೆಹಲಿ ಅದನ್ನು ಎತ್ತಿಕೊಳ್ಳುತ್ತದೆ. ಈ ನದಿಯಿಲ್ಲದೆ ದೆಹಲಿ ಇಲ್ಲ. ಕೋಟೆ ಕಟ್ಟಿದವರೆಲ್ಲ ಇವಳ ದಡಕ್ಕೇ ಬಂದು ಕಟ್ಟಿದರು.

ಹಾಗಾದರೆ ವಜೀರಾಬಾದಿನಿಂದ ಕೆಳಗೆ, ನಮ್ಮ ಕಿಟಕಿಯವರೆಗೆ ಹರಿದು ಬರುತ್ತಿರುವುದು ಯಾರು?

ನಾವು. ನಾವು ಕುಡಿದು, ತೊಳೆದು, ಫ್ಲಶ್ ಮಾಡಿ ಬಿಟ್ಟದ್ದು. ದೊಡ್ಡ ಕೊಳಚೆ ನಾಲೆಗಳಲ್ಲಿ ಬಂದು ಆ ಖಾಲಿ ಪಾತ್ರಕ್ಕೆ ಬಿದ್ದು, ಯಮುನೆಯ ಹೆಸರಿಟ್ಟುಕೊಂಡು ಹೋಗುತ್ತಿದೆ. ಕಾವೇರಿಯನ್ನೆಲ್ಲ ಕೃಷ್ಣರಾಜಸಾಗರದಲ್ಲೇ ಮುಗಿಸಿ, ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಬೆಂಗಳೂರಿನ ವೃಷಭಾವತಿಯನ್ನು ಹರಿಸಿ, ಬನ್ನಿ, ಕಾವೇರಿಯಲ್ಲಿ ಮುಳುಗಿ ಅಂದರೆ ಹೇಗಿರುತ್ತದೆ? ಹಾಗೆ. ಮುಂದೆ ಮಥುರೆ, ಆಗ್ರಾ ದಾಟಿ ಎಷ್ಟೋ ದೂರ ಹೋದಮೇಲೆ ಚಂಬಲ್ ನದಿ ಬಂದು ಕೂಡಿ ಇವಳಿಗೆ ಹೊಸ ನೀರು ಕೊಡುತ್ತದೆ. ಪ್ರಯಾಗದಲ್ಲಿ ಗಂಗೆಯನ್ನು ಸೇರುವ ಯಮುನೆಯಲ್ಲಿ ಯಮುನೋತ್ರಿಯ ಪಾಲು ಎಷ್ಟು ಅಂತ ಆ ಗಂಗೆಯೇ ಹೇಳಬೇಕು.

ಅಂದರೆ ನಮ್ಮ ಮನೆಯ ಪಕ್ಕದಲ್ಲಿರುವುದು ನದಿಯಲ್ಲ. ತೀರಿಹೋದ ನದಿಯ ಜಾಗದಲ್ಲಿ, ಅವಳ ಹೆಸರಿಗೆ ಓಗೊಡುತ್ತಾ ಓಡಾಡುತ್ತಿರುವ ಬೇರೆ ಏನೋ. ಅಂಥದ್ದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ, ನಿಮಗೇ ಗೊತ್ತು.

ಆ ಸಂಜೆ ಚೆಂಬನ್ನು ದೇವರ ಕೋಣೆಯಲ್ಲಿಟ್ಟು, ಮುಚ್ಚಳದ ಮೇಲೆ ವಸ್ತ್ರ ಬಿಗಿದು ಕಟ್ಟಿದೆವು. ಬೆಳಿಗ್ಗೆ ನಾನಿನ್ನೂ ಕಾಫಿ ಡಿಕಾಕ್ಷನ್ ಹಾಕುತ್ತಿದ್ದೆ. ಅತ್ತೆ ಕರೆದರು. ಆ ದನಿಗೆ ನಾನು ಒಲೆ ಆರಿಸಿ ಓಡಿದೆ.

ಚೆಂಬು ಕಪ್ಪಾಗಿತ್ತು. ಒಳಗೆ ಕಪ್ಪಾಗಿದ್ದರೆ ಸರಿ, ನೀರು ತಾಗಿದೆ ಅನ್ನಬಹುದು. ಇದು ಹೊರಗೂ ಕಪ್ಪು. ಮುಚ್ಚಳದ ಸಂದಿನಿಂದ ಶುರುವಾಗಿ ಬೆರಳಚ್ಚಿನ ಹಾಗೆ ಗೆರೆಗೆರೆಯಾಗಿ ಕೆಳಗಿಳಿದಿತ್ತು. ಒಳಗಿದ್ದದ್ದು ಹೊರಗೆ ಬಂದು ಚೆಂಬನ್ನು ತಬ್ಬಿ ಹಿಡಿದಿತ್ತು. ಕಪ್ಪಿನ ಮೇಲೆ ಒಂದು ನೀಲಿ ಹೊಳಪು, ಪೆಟ್ರೋಲ್ ಬಿದ್ದ ನೀರಿಗೆ ಇರುತ್ತದಲ್ಲ, ಅಂಥದ್ದು.

ಅತ್ತೆ ಎದ್ದು ಮೇಘನಾಳ ಕೋಣೆಗೆ ಹೋಗಿ, ಇನ್ನೂ ನಿದ್ದೆಗಣ್ಣಿನಲ್ಲಿದ್ದ ಇಳಾಳನ್ನು ಎತ್ತಿಕೊಂಡು ಬಂದರು. ಚೆಂಬಿನ ಪಕ್ಕದಲ್ಲಿ ಕೂರಿಸಿದರು. ಫ್ರಾಕು ಎತ್ತಿ ಉಡಿದಾರವನ್ನು ಬೆರಳಲ್ಲಿ ಹಿಡಿದು ಚೆಂಬಿಗೆ ತಾಗಿಸಿದರು.

ಅದೇ ಕಪ್ಪು. ಅದೇ ನೀಲಿ ಹೊಳಪು.

"ದೃಷ್ಟಿ ಅಲ್ಲ ಕಣೋ" ಅಂದರು ಮಗನಿಗೆ. "ಇದು ಅವಳದ್ದು."

ಯಜಮಾನರು ದರ್ಭೆ ಹೆಣೆಯುತ್ತಾ ಕೂತಿದ್ದರು. ಶೇಷನಿಗೆ ಆಗಲೇ ಕೆಲವು ಹೆಡೆ ಬಂದಿತ್ತು. ಅದನ್ನು ಕೆಳಗಿಟ್ಟು ಚೆಂಬು ಎತ್ತಿ ಮೂಸಿದರು. ಕಾಲೇಜಿನ ಬಿ.ಎಸ್ಸಿ. ಕೆಮಿಸ್ಟ್ರಿ ಅವರಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಹೈಡ್ರೋಜನ್ ಸಲ್ಫೈಡ್ ಅಂದರು. ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸು. ಕೊಳಚೆ ಕೊಳೆತರೆ ಹುಟ್ಟುತ್ತದೆ, ಬೆಳ್ಳಿಯನ್ನು ಕಪ್ಪು ಮಾಡುತ್ತದೆ, ತಾಮ್ರವನ್ನು ತಿನ್ನುತ್ತದೆ. ಅವರ ಲ್ಯಾಬಿನ ಮೇಷ್ಟ್ರು ಆ ಪ್ರಯೋಗದ ದಿನ ಬೆಳ್ಳಿ ಉಂಗುರವನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಅವರಿಗೆ ಖುಷಿಯೇ ಆಗಿತ್ತು, ಕಗ್ಗಂಟು ಬಿಡಿಸಿದ ಖುಷಿ. ಆಮೇಲೆ ಮಗುವಿನ ಕಡೆ ನೋಡಿದರು.

ಎದ್ದು ಹೋಗಿ ಕಿಟಕಿ ಮುಚ್ಚಲು ನೋಡಿದರು. ಅದು ಮುಚ್ಚಿಯೇ ಇತ್ತು.

ಬಾಗಿಲಲ್ಲಿ ಮೇಘನಾ ನಿಂತಿದ್ದಳು. ದೆಹಲಿಯಲ್ಲಿ ಬೆಳೆದ ಹುಡುಗಿ, ಗಾಬರಿಯಾದರೆ ಅವಳ ಬಾಯಿಗೆ ಮೂರು ಭಾಷೆ ಒಟ್ಟಿಗೆ ಬರುತ್ತವೆ. "ಪಪ್ಪಾ, ವೇಟ್. ಮತ್‌ಲಬ್, ಇಳಾ ದಿನಾ ಇದನ್ನೇ ಬ್ರೀದ್ ಮಾಡ್ತಿದ್ದಾಳಾ?"

ಮಗು ಚೆಂಬಿನ ಮೇಲೆ ಅಂಗೈ ಬಡಿದು ಆಡುತ್ತಿತ್ತು.

ಮಡುವಿನಲ್ಲಿದ್ದ ಹಾವಿನ ಕಥೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಇದೇ ಯಮುನೆ. ಅದರ ಉಸಿರಿಗೆ ನೀರು ಕಪ್ಪಾಗುತ್ತಿತ್ತು, ಮೇಲೆ ಹಾರುವ ಹಕ್ಕಿ ಸತ್ತು ಬೀಳುತ್ತಿತ್ತು. ಕೃಷ್ಣ ಬಂದು ಹೆಡೆ ಮೆಟ್ಟಿ ಓಡಿಸಿದ ಅಂತ ಹೇಳಿ ಕಥೆ ಮುಗಿಸುತ್ತಿದ್ದರು. ಓಡಿಹೋದದ್ದು ಎಲ್ಲಿಗೆ ಅಂತ ಚಿಕ್ಕವಳಿದ್ದಾಗ ನಾನು ಕೇಳಲಿಲ್ಲ. ಅವತ್ತು ಬೆಳಿಗ್ಗೆ ಆ ದರ್ಭೆಯ ಹೆಡೆಗಳನ್ನು ನೋಡುತ್ತಾ ಅದೇ ತಲೆಯಲ್ಲಿ ಸುತ್ತಿತು.

ಪೂಜೆ ನಿಲ್ಲಿಸುವ ಹಾಗಿಲ್ಲ. ಇನ್ನೊಂದು ಚೆಂಬು ತಿಕ್ಕಿ ನಲ್ಲಿಯ ನೀರನ್ನೇ ತುಂಬಿದೆವು. ತಮಾಷೆ ನೋಡಿ, ನೋಯ್ಡಾದ ನಲ್ಲಿಯಲ್ಲಿ ಕಾಲುವೆಯಿಂದ ಬರುವ ಗಂಗೆಯ ನೀರೂ ಬೆರೆತಿರುತ್ತದೆ. ಇಲ್ಲಿಯವರು ಅದನ್ನು ಗಂಗಾಜಲ್ ಅಂತಲೇ ಕರೆಯುತ್ತಾರೆ. ಅಂದರೆ ನಮ್ಮ ಮನೆಗೆ ಗಂಗೆ ಬರುವುದು ಪೈಪಿನಲ್ಲಿ. ಯಮುನೆ ಬರುವುದು ಗಾಳಿಯಲ್ಲಿ.

ಮೈಸೂರಿನಿಂದ ಪುರೋಹಿತರು ವಿಡಿಯೋ ಕಾಲಿನಲ್ಲಿ ಮಂತ್ರ ಹೇಳಿಸಿದರು. ಯಜಮಾನರು ತಡವರಿಸುತ್ತಾ ಹೇಳಿದರು. ನಾನು ಹೂವು ಹಾಕಿದೆ. ಆವಾಹನೆಯ ಮಂತ್ರ ಮುಗಿಯಿತು. ನಾವೆಲ್ಲ ಅತ್ತೆಯ ಕಡೆ ತಿರುಗಿದೆವು, ಅವರ ಸಾಲಿಗಾಗಿ.

ಅತ್ತೆ ಚೆಂಬಿನ ಕಡೆ ಬಾಗಿದರು. "ಬಾರಮ್ಮ" ಅನ್ನಲು ತುಟಿ ತೆರೆದರು. ಮೇಘನಾಳ ಮಡಿಲಲ್ಲಿದ್ದ ಇಳಾ ಆಗ ಕೆಮ್ಮಿತು. ಒಂದು ಸಣ್ಣ ಕೆಮ್ಮು, ಅದರ ಹಿಂದೆಯೇ ಎದೆಯೊಳಗಿನ ಗೊರಗೊರ.

ಅತ್ತೆ ಹಾಗೇ ಮಗುವನ್ನು ನೋಡುತ್ತಾ ಉಳಿದರು. ಇಷ್ಟು ವರ್ಷ ಕರೆದವರು. ಬಾವಿಯ ಕಟ್ಟೆಯಲ್ಲಿ ಕರೆದವರು, ನಲ್ಲಿಯ ಕೆಳಗೆ ಕರೆದವರು. ಎಷ್ಟು ಕರೆದರೂ ಅವಳು ಬಂದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಣದಿದ್ದರೂ ನಂಬಿಕೆ ಇತ್ತು.

"ಏನಾಯ್ತು? ಸಿಗ್ನಲ್ ಹೋಯ್ತಾ?" ಅಂತ ಫೋನಿನೊಳಗಿಂದ ಪುರೋಹಿತರು ಕೇಳಿದರು.

"ಮುಂದಕ್ಕೆ ಹೇಳಿ" ಅಂದರು ಅತ್ತೆ. "ಕರೆಯೋದು ಬೇಡ. ಅವಳು ಬಂದಾಗಿದೆ."

ದೆವ್ವ ಭೂತ ಯಾವುದನ್ನೂ ನಂಬದ ನನಗೆ, ಆ ಹೊತ್ತಿನಲ್ಲಿ ಕೋಣೆಯೊಳಗೆ ನಮ್ಮ ಜೊತೆ ಇನ್ನೊಬ್ಬರು ಕೂತಿದ್ದಾರೆ ಅನ್ನಿಸಿತು. ಸುಳ್ಳೇನಲ್ಲವಲ್ಲ? ಕೂತೇ ಇದ್ದಳು. ದೀಪದ ಮೇಲೆ, ಬಟ್ಟಲಿನ ಮೇಲೆ, ನನ್ನ ಕಾಲ್ಬೆರಳಿನ ಮೇಲೆ, ಮಗುವಿನ ಸೊಂಟದಲ್ಲಿ.

ಪೂಜೆ ಮುಗಿದ ಮೇಲೆ ಇನ್ನೊಂದು ಸಮಸ್ಯೆ. ಆ ಕಪ್ಪು ಚೆಂಬಿನ ನೀರನ್ನು ಏನು ಮಾಡುವುದು? ಪೂಜೆಗೆಂದು ತಂದ ನೀರು ತುಳಸಿಗೆ ಹೋಗಬೇಕು. ಅತ್ತೆ ತುಳಸಿಯ ಹತ್ತಿರ ಹೋಗಲೂ ಬಿಡಲಿಲ್ಲ. ಸಿಂಕಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ವಾಪಸ್ ನದಿಗೇ ಬಿಟ್ಟು ಬರೋಣ ಅಂದರೆ ಮತ್ತೆ ಆ ಮೆಟ್ಟಿಲು ಇಳಿಯಲು ಇಬ್ಬರಿಗೂ ಧೈರ್ಯವಿರಲಿಲ್ಲ. ಕೊನೆಗೆ ಯಜಮಾನರು ಚೆಂಬು ತೆಗೆದುಕೊಂಡು ಹೋಗಿ ಕಮೋಡಿಗೆ ಸುರಿದು ಫ್ಲಶ್ ಒತ್ತಿದರು. ಇನ್ನೆಲ್ಲಿಗೆ ಹೋಗುತ್ತದೆ, ಅಲ್ಲಿಗೇ ಹೋಗುವುದು ಅಂದರು. ನಿಜ. ಅವಳು ಬಂದ ದಾರಿ ಅದೇ.

ಅತ್ತೆ ಮೈಸೂರಿಗೆ ಹಿಂತಿರುಗಿದ್ದಾರೆ. ಹೋಗುವ ಮುನ್ನ ಮಗುವನ್ನೂ ಜೊತೆಗೆ ಕಳಿಸು ಅಂತ ಮೇಘನಾಳನ್ನು ಕೇಳಿದರು. ಇನ್ನೂ ಹಾಲು ಕುಡಿಯುವ ಕೂಸನ್ನು ಹೇಗೆ ಕಳಿಸುತ್ತಾಳೆ? ಅವಳು ದಿನಾ ಮೊಬೈಲಿನಲ್ಲಿ ಬೇರೆ ಕಡೆ ಮನೆ ನೋಡುತ್ತಿದ್ದಾಳೆ. ಗುರುಗ್ರಾಮದಲ್ಲಿ ಧೂಳು. ಇನ್ನೊಂದು ಕಡೆ ಕಸದ ಗುಡ್ಡದ ಹೊಗೆ. ಮತ್ತೊಂದು ಕಡೆ ಚೆನ್ನಾಗಿದೆ ಅಂದುಕೊಂಡು ಮ್ಯಾಪು ತೆಗೆದರೆ ಹಿತ್ತಿಲಲ್ಲೇ ಕೊಳಚೆ ನಾಲೆ, ಅದೂ ಇವಳಿಗೇ ಹೋಗಿ ಸೇರುವುದು. ಹೊಸ ಡಾಕ್ಟರಿಗೆ ಉಡಿದಾರ ತೋರಿಸಿದೆವು. ಅವರು ನಗಲಿಲ್ಲ. ಕೆಮ್ಮಿಗೆ ಇದೇ ಕಾರಣ ಅಂತ ಹೇಳಲಾಗದು, ಅಲ್ಲ ಅಂತಲೂ ಹೇಳಲಾಗದು ಅಂದರು. ಮೊದಲಿನವರು ನಗುತ್ತಿದ್ದದ್ದೇ ವಾಸಿಯಾಗಿತ್ತು.

ಕರೋಲ್ ಬಾಗ್‌ನ ಶಾರದಾ ಒಂದು ಉಪಾಯ ಹೇಳಿಕೊಟ್ಟಳು. ಅದರಂತೆ ಮನೆಯ ಬೆಳ್ಳಿಯನ್ನೆಲ್ಲ ತಿಕ್ಕಿ, ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನಡುವೆ ಸೀಮೆಸುಣ್ಣದ ತುಂಡು ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೊನ್ನೆ ತೆಗೆದು ನೋಡಿದೆ. ಉಡಿದಾರ ಅತ್ತೆ ತಂದ ದಿನ ಇದ್ದ ಹಾಗೆ ಬೆಳ್ಳಗೆ ಹೊಳೆಯುತ್ತಿದೆ. ಒಂದು ಚುಕ್ಕೆ ಇಲ್ಲ.

ಈಗ ಮಧ್ಯಾಹ್ನ. ಇದನ್ನು ಬರೆಯುವಾಗ ಇಳಾ ಪಕ್ಕದ ತೊಟ್ಟಿಲಲ್ಲಿ ಮಲಗಿದೆ. ಗೊರಗೊರ. ನಿಲ್ಲುತ್ತದೆ. ಮತ್ತೆ ಗೊರಗೊರ. ಅದೇ ಅಂತರ. ಆ ಸದ್ದನ್ನು ಎಲ್ಲಿ ಕೇಳಿದ್ದೆ ಅಂತ ನನಗೆ ಗೊತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ಬೆಳ್ಳಿಯನ್ನೇನೋ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆ. ಮಗುವನ್ನು ಯಾವ ಡಬ್ಬಿಯಲ್ಲಿಡಲಿ?